ಒಂದು ಮಾದರಿಯಿಂದ ಹಲವು ಉಡುಪು

ಸಮುವೇಲನ ಮೊದಲನೆಯ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಹನ್ನಳ ವಿಷಯವಾಗಿ ಒಂದು ಚಿಕ್ಕ ಸಂಗತಿಯು ಬಂದಿರುವುದು. ತನ್ನ ಮಗನನ್ನು ಶೀಲೋವಿನಲ್ಲಿ ದೇವರ ಸೇವೆಗೆ ಒಪ್ಪಿಸಿಬಿಟ್ಟ ಆ ತಾಯಿಯು ಪ್ರತಿವರ್ಷವೂ ಅವನಿಗೋಸ್ಕರ ಒಂದು ಚಿಕ್ಕ ಅಂಗಿಯನ್ನು ಮಾಡಿ, ಗಂಡನ ಸಂಗಡ ಯಜ್ಞಕ್ಕೆ ಹೋಗುವಾಗ ಅದನ್ನು ತೆಗೆದುಕೊಂಡು ಹೋಗುತ್ತಿದ್ದಳು. ಮಗನು ವರ್ಷಕ್ಕೊಮ್ಮೆ ಕಣ್ಣಿಗೆ ಬೀಳುವವನು. ನಡುವೆ ಅವನು ಎಷ್ಟು ಬೆಳೆದಿರುವನೆಂದು ಅಳೆದು ನೋಡುವ ಅನುಕೂಲ ಅವಳಿಗಿರಲಿಲ್ಲ. ಹೋದ ವರ್ಷದ ಅಂಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವರ್ಷದ ಅಂಗಿಯನ್ನು ಕತ್ತರಿಸಬೇಕಾಗಿತ್ತು. ಒಂದು ಉಡುಪಿನಿಂದ ಮತ್ತೊಂದು ಉಡುಪಿನ ಅಳತೆಯನ್ನು ತೆಗೆಯುವ ವಿದ್ಯೆಯು ಅಷ್ಟು ಹಳೆಯದು. ಅದನ್ನೇ ಕುರಿತು ನಾವು ಈ ಪುಟಗಳಲ್ಲಿ ನಾಲ್ಕು ಮಾತು ಬರೆಯಬೇಕೆಂದಿರುವೆವು.

ನಮ್ಮ ಹೊಲಿಗೆಯ ತರಗತಿಯಲ್ಲಿ ಕಲಿತವರು ಈಗ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಊರೂರುಗಳಲ್ಲಿ ಸಂಸಾರ ಹೂಡಿದ್ದಾರೆ. ಅವರು ನಮ್ಮನ್ನು ಕಂಡಾಗ ಅನೇಕಾವರ್ತಿ ಕೇಳುವ ಮಾತು ಒಂದೇ: "ನಮ್ಮಲ್ಲಿ ಜಂಪರಿನ ಮಾದರಿ ಮಾತ್ರ ಇರುತ್ತದೆ, ಫ್ರಾಕಿನ ಮಾದರಿಯಿದ್ದರೆ ಕೊಡಿರಿ." ತಂದೆತಾಯಿಗಳು ಕೇಳುವ ಮಾತು ಬೇರೆ: "ಸಿದ್ಧವಾದ ಉಡುಪುಗಳು ಬಜಾರಿನ ಅಂಗಡಿ ಅಂಗಡಿಯಲ್ಲೂ ತೂಗಾಡುತ್ತಿರುವಾಗ ಹುಡುಗಿಯರು ಹೊಲಿಗೆ ಕಲಿತು ಆಗುವುದೇನು?" ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆಯಲ್ಲಿ ಇದೆಯೆಂದು ನಮಗೆ ತೋರುತ್ತದೆ. ಅದನ್ನು ನಾವು ಒಂದು ಸೋಲಿನಿಂದ ಕಲಿತೆವು. ಆದಕಾರಣ ಮೊದಲು ಆ ಸೋಲನ್ನೇ ಹೇಳುವೆವು.

ನಮ್ಮಲ್ಲಿ ಹೊಲಿಗೆಯ ಪರೀಕ್ಷೆಯನ್ನು ಚೆನ್ನಾಗಿ ಮುಗಿಸಿ ಹೋದ ಒಬ್ಬಾಕೆಯು ಶಹಾಪುರದ ಕಡೆಯ ಒಂದು ಹಳ್ಳಿಗೆ ಸೊಸೆಯಾಗಿ ಹೋದಳು. ಕ್ರಿಸ್‌ಮಸ್ ಹಬ್ಬ ಹತ್ತಿರ ಬಂದಾಗ ನಾದಿನಿಯ ಮಗಳಿಗೆ ಫ್ರಾಕು ಹೊಲಿಯುವ ಭಾರ ಅವಳ ಮೇಲೆ ಬಿತ್ತು. ಅವಳು ಶಾಲೆಯಿಂದ ಜೋಪಾನವಾಗಿ ಕೊಂಡುಹೋಗಿದ್ದ ಜಂಪರಿನ ಕಾಗದವನ್ನು ಬಟ್ಟೆಯ ಮೇಲೆ ಇಟ್ಟು, ಗೆರೆ ತಪ್ಪದೆ ಕತ್ತರಿಸಿ, ನಡುವಿನಿಂದ ಕೆಳಗೆ ನೆರಿಗೆಯ ಲಂಗವನ್ನು ಸೇರಿಸಿದಳು. ಫ್ರಾಕು ನೋಡುವುದಕ್ಕೆ ಅಂದವಾಗಿಯೇ ಇತ್ತು. ಮಗುವಿಗೆ ತೊಡಿಸಿದಾಗ ಅದು ಕೈ ಎತ್ತಲಾರದೆ ಹೋಯಿತು. ಬಲವಂತದಿಂದ ಎತ್ತಿದರೆ ಇಡೀ ಫ್ರಾಕು ಮೊಣಕಾಲಿನ ಮೇಲಕ್ಕೆ ಬರುತ್ತಿತ್ತು. ಬಿಗಿಯಾಯಿತೆಂದು ತಿಳಿದು ಅವಳು ಕಂಕುಳನ್ನು ಇನ್ನೂ ಕೆಳಕ್ಕೆ ಕತ್ತರಿಸಿದಳು. ಇದರಿಂದ ಕೇಡು ಮತ್ತಷ್ಟು ಹೆಚ್ಚಿತು. ಬಟ್ಟೆ ಕೆಟ್ಟಿತೆಂದು ಅಳುತ್ತಾ ಕುಳಿತವಳ ಕೈಯಿಂದ ಓದುಬಾರದ ಅತ್ತೆಯು ಫ್ರಾಕನ್ನು ತೆಗೆದುಕೊಂಡು, ಪಕ್ಕದ ಹೊಲಿಗೆಯೂ ತೋಳಿನ ಹೊಲಿಗೆಯೂ ಕೂಡುವಲ್ಲಿ ಬಿಚ್ಚಿ, ಉಳಿದ ತುಂಡಿನಲ್ಲಿ ಮೂರಂಗುಲದ ಚೌಕವೊಂದನ್ನು ಕತ್ತರಿಸಿ, ಮೂಲೆ ಮೇಲಾಗುವಂತೆ ಕಂಕುಳಲ್ಲಿ ಕೂಡಿಸಿದಳು. ಹಾಗೆ ಮಾಡುತ್ತಾ, "ಕೂಸಿನ ಕೈ ಮ್ಯಾಲೆ ಏಳಬೇಕವ್ವ, ಅಂಗಿ ಏಳಬಾರ್ದು" ಎಂದಳಂತೆ.

ಈ ಸಂಗತಿಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯು ನಗುತ್ತಲೇ ಹೇಳಿದಳು. ನಮಗಾದರೋ ನಾಚಿಕೆಯಾಯಿತು. ಯಾಕಂದರೆ ತಪ್ಪು ಅವಳದಲ್ಲ. ಗೆರೆಯ ಮೇಲೆ ಕತ್ತರಿಸುವುದನ್ನು ನಾವು ಕಲಿಸಿದ್ದೆವು. ಗೆರೆಯು ಅಲ್ಲಿ ಏಕೆ ಇದೆಯೆಂಬುದನ್ನು ಕಲಿಸಿರಲಿಲ್ಲ. ಕಾಗದವನ್ನೇ ಕಾಣದ ಅತ್ತೆಗೆ ಆ ಕಾರಣ ಗೊತ್ತಿತ್ತು. ಅಂದಿನಿಂದ ನಾವು ತರಗತಿಯಲ್ಲಿ ಮಾದರಿಯನ್ನು ಕೊಡುವುದಕ್ಕೆ ಮುಂಚೆ ಅದರ ಕಾರಣವನ್ನು ಹೇಳುತ್ತಿರುವೆವು. ಇಲ್ಲಿ ಬರೆಯುವುದೂ ಅದನ್ನೇ.

ಮಾದರಿ ಎಂದರೇನು?

ನಮ್ಮ ಸೀಮೆಯ ಹೆಂಗಸರು ಬಹುಕಾಲದಿಂದ ಕಾಗದದ ಸಹಾಯವಿಲ್ಲದೆಯೇ ಹೊಲಿಯುತ್ತಾ ಬಂದವರು. ಗುಳೇದಗುಡ್ಡದ ಖಣದ ಕುಪ್ಪಸವನ್ನು ನೋಡಿರಿ. ಅದರ ತುಂಡುಗಳು ಬಹುಮಟ್ಟಿಗೆ ನೆಟ್ಟನೆಯ ಗೆರೆಗಳಲ್ಲಿ ಕತ್ತರಿಸಲ್ಪಡುವುವು. ಖಣದ ಅಂಚು ತೋಳಿನ ತುದಿಗೆ ಬರುವಂತೆ ಮಡಿಸಿ, ಮುಂದೆ ಗಂಟು ಕಟ್ಟುವುದಕ್ಕೆ ಬಟ್ಟೆ ಬಿಟ್ಟು ಹೊಲಿಯುವರು. ಮಕ್ಕಳ ಕುಂಚಿಗೆಯಂತೂ ಉದ್ದನೆಯ ಒಂದು ತುಂಡನ್ನು ಮಡಿಸಿದ್ದೇ ಸರಿ. ಹಳೆಯ ಕಾಲದ ಅಂಗಿ ಜುಬ್ಬಗಳಲ್ಲಿ ಕಂಕುಳಿಗೆ ಒಂದು ಚೌಕವನ್ನಿಡುತ್ತಿದ್ದರು. ಆ ಅತ್ತೆಯ ಕೈಯಲ್ಲಿ ಉಳಿದಿದ್ದದ್ದು ಇದೇ. ನೆಟ್ಟಗೆ ಕತ್ತರಿಸಿದ ಉಡುಪಿನಲ್ಲಿ ಬಟ್ಟೆ ಹಾಳಾಗುವುದಿಲ್ಲ. ಮೈಗೆ ಬೇಕಾದ ಸಡಿಲವನ್ನು ಚೌಕವೂ ನೆರಿಗೆಯೂ ಗಂಟೂ ಕೊಡುವುವು.

ಮೈಯ ಉಬ್ಬುತಗ್ಗುಗಳನ್ನು ಅನುಸರಿಸಿ ಬಾಗಿದ ಗೆರೆಗಳಲ್ಲಿ ಕತ್ತರಿಸುವ ಪದ್ಧತಿಯು ಬೇರೆ. ಸ್ಪೇಯಿನ್ ದೇಶದ ಹುವಾನ್ ದೆ ಅಲ್ಸೇಗ ಎಂಬ ದರ್ಜಿಯು ೧೫೮೦ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ಅಚ್ಚು ಹಾಕಿಸಿದ ಗ್ರಂಥದಲ್ಲಿ, ಉಡುಪಿನ ತುಂಡುಗಳನ್ನು ಬಟ್ಟೆಯ ಅಗಲದಲ್ಲಿ ಹೇಗೆ ಹೊಂದಿಸಬೇಕೆಂಬ ಚಿತ್ರಗಳಿವೆ. ಅಮೇರಿಕೆಯ ಮ್ಯಾಸಚೂಸೆಟ್ಸಿನಲ್ಲಿದ್ದ ಎಬನೇಜರ್ ಬಟರಿಕ್ ಎಂಬ ದರ್ಜಿಯು ೧೮೬೩ರಲ್ಲಿ ಬೇರೆ ಬೇರೆ ಅಳತೆಗಳ ಮಾದರಿಗಳನ್ನು ಕಾಗದದಲ್ಲಿ ಕತ್ತರಿಸಿ ಮಾರಲಾರಂಭಿಸಿದನು. ಅವುಗಳಲ್ಲಿ ಮೊದಲಿನವು ಗಂಡಸರ ಮತ್ತು ಗಂಡುಮಕ್ಕಳ ಉಡುಪಿನವು. ಹೊಲಿಗೆಯ ಯಂತ್ರವು ಮನೆಗಳನ್ನು ಸೇರುತ್ತಿದ್ದ ಕಾಲವದು. ಆದಕಾರಣ ಕಾಗದದ ಮಾದರಿಯೂ ಅದರ ಬೆನ್ನಹಿಂದೆಯೇ ಲೋಕವೆಲ್ಲಾ ಹಬ್ಬಿತು.

ಹೀಗೆ ನೋಡಿದರೆ ಮಾದರಿಯೆಂಬುದು ಒಂದು ಮೈಯ ಚಿತ್ರವೇ ಹೊರತು ಒಂದು ಉಡುಪಿನ ಚಿತ್ರವಲ್ಲ. ಜಂಪರಿನ ಕಾಗದದಲ್ಲಿ ಆ ಹುಡುಗಿಯ ಭುಜ, ಕೊರಳು, ಎದೆ, ಬೆನ್ನು, ತೋಳು ಇವೆಲ್ಲಾ ಅಡಗಿವೆ. ಇವು ಫ್ರಾಕಿಗೂ ಅವೇ, ಚೂಡಿದಾರದ ಮೇಲಂಗಿಗೂ ಅವೇ, ರಾತ್ರಿಯ ನಿಲುವಂಗಿಗೂ ಅವೇ. ಇದನ್ನು ತಿಳಿದವಳು ಒಂದು ಕಾಗದದಿಂದ ಹತ್ತು ಉಡುಪು ತೆಗೆಯುವಳು.

ಬದಲಾಗುವುದು, ಬದಲಾಗದಿರುವುದು

ಮಾದರಿಯಲ್ಲಿ ಕೆಲವು ಗೆರೆಗಳು ಮೈಗೆ ಸೇರಿದವು. ಭುಜದ ಇಳಿಜಾರು, ಒಂದು ಭುಜದಿಂದ ಮತ್ತೊಂದು ಭುಜಕ್ಕೆ ಇರುವ ಅಗಲ, ಹಿಂಗೊರಳಿನಿಂದ ನಡುವಿನವರೆಗಿನ ಉದ್ದ, ಕಂಕುಳ ಆಳ, ಈ ನಾಲ್ಕನ್ನು ಕಾರಣವಿಲ್ಲದೆ ಕದಲಿಸಲಾಗದು. ಉಳಿದವು ಉಡುಪಿಗೆ ಸೇರಿದವು. ಕೊರಳಿನ ಆಕಾರ, ಬಾಯಿ ಮುಂದಿರಬೇಕೋ ಹಿಂದಿರಬೇಕೋ ಎಂಬುದು, ತೋಳಿನ ಉದ್ದ, ಕೆಳಗಿನ ಉದ್ದ, ಸಡಿಲ, ಇವನ್ನು ನಮ್ಮ ಇಷ್ಟಕ್ಕೂ ಅವಶ್ಯಕತೆಗೂ ತಕ್ಕಂತೆ ಮಾರ್ಪಡಿಸಬಹುದು.

ಇವುಗಳಲ್ಲಿ ಸಡಿಲವೇ ಮುಖ್ಯವಾದದ್ದು. ಮೈಯ ಅಳತೆಗಿಂತ ಉಡುಪಿನ ಅಳತೆಯು ಎಷ್ಟು ಹೆಚ್ಚಿರುವುದೋ ಅದೇ ಸಡಿಲ. ಜಂಪರಿಗೆ ಎದೆಯ ಸುತ್ತಿನಲ್ಲಿ ಎರಡಂಗುಲ ಸಾಕು. ಅದು ನಡುವಿನ ಮೇಲೆಯೇ ಮುಗಿಯುವುದರಿಂದ ಕೈಯನ್ನು ಎತ್ತಿದಾಗ ತಾನೂ ತುಸು ಮೇಲಕ್ಕೆ ಸರಿದು ಇಂಬು ಕೊಡುವುದು. ಫ್ರಾಕಾದರೋ ನಡುವಿನಲ್ಲಿ ಹೊಲಿಯಲ್ಪಟ್ಟು, ಕೆಳಗೆ ಲಂಗದ ಭಾರವನ್ನು ಹೊತ್ತು ನಿಂತಿರುವುದು. ಅದು ಮೇಲಕ್ಕೆ ಸರಿಯಲಾರದು. ಆದುದರಿಂದ ಫ್ರಾಕಿಗೆ ನಾಲ್ಕಂಗುಲ ಸಡಿಲ ಬೇಕು. ಬೇಸಿಗೆಯ ಉಷ್ಣವು ೪೦ ಡಿಗ್ರಿಯನ್ನು ಮೀರುವ ನಮ್ಮ ಸೀಮೆಯಲ್ಲಿ ಮಕ್ಕಳಿಗೆ ಬಿಗಿಯಾದ ಉಡುಪು ಹೊಲಿಯುವುದು ಎಂದಿಗೂ ಯುಕ್ತವಲ್ಲ.

ಕಂಕುಳನ್ನು ಕೆಳಕ್ಕೆ ಕತ್ತರಿಸಿದರೆ ಸಡಿಲವಾಗುವುದೆಂಬುದು ಎಲ್ಲರೂ ಬೀಳುವ ಭ್ರಾಂತಿ. ಕಂಕುಳು ಕೆಳಗಿಳಿದಷ್ಟೂ ಪಕ್ಕದ ಹೊಲಿಗೆಯು ಗಿಡ್ಡವಾಗುವುದು. ಕೈ ಎತ್ತಿದೊಡನೆ ತೋಳು ಆ ಗಿಡ್ಡ ಪಕ್ಕವನ್ನು ಹಿಡಿದೆಳೆದು ಇಡೀ ಉಡುಪನ್ನು ಮೇಲಕ್ಕೆ ಎತ್ತುವುದು. ಅಗಲವನ್ನು ಕೊಡಬೇಕು, ಆಳವನ್ನಲ್ಲ. ಅತ್ತೆಯು ಇಟ್ಟ ಚೌಕವು ಮಾಡಿದ ಕೆಲಸವೂ ಇದೇ: ಕಂಕುಳಲ್ಲಿ ಅಗಲವನ್ನು ಕೂಡಿಸಿತು, ಪಕ್ಕದ ಉದ್ದವನ್ನು ಹಿಂದಕ್ಕೆ ಕೊಟ್ಟಿತು.

ಜಂಪರಿನಿಂದ ಫ್ರಾಕು

ಈಗ ಒಂದು ಉದಾಹರಣೆಯನ್ನು ಅಂಗುಲ ಅಂಗುಲವಾಗಿ ನೋಡುವ. ಹುಡುಗಿಯ ಎದೆಯ ಸುತ್ತು ೨೮ ಅಂಗುಲ, ನಡುವಿನ ಸುತ್ತು ೨೫, ಹಿಂಗೊರಳಿನಿಂದ ನಡುವಿಗೆ ೧೩ ಎಂದಿರಲಿ. ಮುಂದೆ ಬಾಯುಳ್ಳ ಅವಳ ಜಂಪರಿನ ಕಾಗದದಲ್ಲಿ ಬೆನ್ನು, ಮುಂಭಾಗ, ತೋಳು ಎಂಬ ಮೂರು ತುಂಡುಗಳಿವೆ. ಎದೆಯ ಗೆರೆಯಲ್ಲಿ ನಡುಗೆರೆಯಿಂದ ಪಕ್ಕಕ್ಕೆ ಏಳೂವರೆ ಅಂಗುಲವಿದೆ. ಇಂಥವು ನಾಲ್ಕು ಕೂಡಿದರೆ ೩೦. ಅಂದರೆ ಸಡಿಲ ಎರಡಂಗುಲ.

ಮೊದಲನೆಯದಾಗಿ, ಹಳೆಯ ಕಾಗದವನ್ನು ಎಂದಿಗೂ ಕತ್ತರಿಸಬೇಡಿರಿ. ಹಳೆಯ ವೃತ್ತಪತ್ರಿಕೆಯ ಮೇಲೆ ಅದನ್ನಿಟ್ಟು ಹೊಸದಾಗಿ ಬರೆದುಕೊಳ್ಳಿರಿ. ಮುಂಭಾಗದ ನಡುಗೆರೆ, ಎದೆಯ ಗೆರೆ, ನಡುವಿನ ಗೆರೆ, ಹಾಸಿನ ನೂಲು ಹೋಗಬೇಕಾದ ದಿಕ್ಕು, ಇವನ್ನೆಲ್ಲಾ ಗುರುತು ಮಾಡಿರಿ.

ಎರಡನೆಯದಾಗಿ, ಬಾಯನ್ನು ಹಿಂದಕ್ಕೆ ತರಬೇಕು. ಜಂಪರಿನ ಮುಂಭಾಗದಲ್ಲಿ ಗುಂಡಿ ಕಾಜಗಳಿಗಾಗಿ ನಡುಗೆರೆಯಿಂದ ಆಚೆಗೆ ಒಂದಂಗುಲದ ಪಟ್ಟಿಯಿರುತ್ತದೆ. ಅದನ್ನು ನಡುಗೆರೆಯಲ್ಲಿಯೇ ಹಿಂದಕ್ಕೆ ಮಡಿಸಿ, ಆ ನಡುಗೆರೆಯನ್ನು ಬಟ್ಟೆಯ ಮಡಿಕೆಯ ಮೇಲೆ ಇಡಬೇಕು. ಪಟ್ಟಿಯ ಅಂಚನ್ನೇ ಮಡಿಕೆಯ ಮೇಲಿಟ್ಟರೆ ಮುಂಭಾಗವು ಎರಡಂಗುಲ ಹೆಚ್ಚಾಗಿ, ಕೊರಳು ಅಗಲವಾಗಿ ಭುಜದಿಂದ ಜಾರುವುದು. ನಮ್ಮ ತರಗತಿಯಲ್ಲಿ ಅತ್ಯಂತ ಹೆಚ್ಚಾಗಿ ನಡೆಯುವ ತಪ್ಪು ಇದೇ. ಅನಂತರ ಬೆನ್ನಿನ ನಡುವಿಗೆ ಒಂದಂಗುಲವನ್ನು ಕೂಡಿಸಿರಿ. ಗುಂಡಿಗಳು ಇನ್ನು ಅಲ್ಲಿಗೆ ಬರುವುವು.

ಮೂರನೆಯದಾಗಿ, ಸಡಿಲ. ಮುಂಭಾಗದ ಪಕ್ಕಕ್ಕೆ ಅರ್ಧ ಅಂಗುಲ, ಬೆನ್ನಿನ ಪಕ್ಕಕ್ಕೆ ಅರ್ಧ ಅಂಗುಲ ಕೂಡಿಸಿರಿ. ಏಳೂವರೆಯು ಎಂಟಾಯಿತು, ನಾಲ್ಕು ಕೂಡಿ ೩೨. ಸಡಿಲವು ನಾಲ್ಕಂಗುಲವಾಯಿತು. ಕಂಕುಳ ಆಳವನ್ನು ಇದ್ದಲ್ಲಿಯೇ ಬಿಡಿರಿ. ಇಳಿಸಲೇಬೇಕಾದರೆ ಕಾಲಂಗುಲಕ್ಕೆ ಮೀರಬಾರದು.

ನಾಲ್ಕನೆಯದಾಗಿ, ತೋಳು. ಮೈಗೆ ಕೊಟ್ಟಷ್ಟನ್ನು ತೋಳಿಗೂ ಕೊಡಬೇಕು. ತೋಳಿನ ಎರಡು ಕಂಕುಳ ತುದಿಗಳಿಗೂ ಅರ್ಧ ಅರ್ಧ ಅಂಗುಲ ಕೂಡಿಸಿರಿ. ಅನಂತರ ಅಳತೆಯ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಬಾಗಿದ ಗೆರೆಯ ಮೇಲೆ ನಡೆಸುತ್ತಾ, ಮೈಯಲ್ಲಿ ತೋಳು ಕೂಡುವ ಸುತ್ತನ್ನೂ ತೋಳಿನ ಮೇಲ್ಗೆರೆಯನ್ನೂ ಅಳೆದು ನೋಡಿರಿ. ಹೊಲಿಗೆಗೆ ಬಿಟ್ಟ ಬಟ್ಟೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಸಾದಾ ತೋಳಾದರೆ ಅದರ ಗೆರೆಯು ಮೈಯ ಸುತ್ತಿಗಿಂತ ಅರ್ಧದಿಂದ ಒಂದಂಗುಲ ಹೆಚ್ಚಿದ್ದರೆ ಸರಿ. ಕಡಿಮೆಯಿದ್ದರೆ ಕತ್ತರಿಯನ್ನು ಮುಟ್ಟಬೇಡಿರಿ. ಉಬ್ಬು ತೋಳು ಬೇಕಾದರೆ ಕಾಗದವನ್ನು ಮೇಲಿನಿಂದ ಕೆಳಕ್ಕೆ ಮೂರು ಕಡೆ ಸೀಳಿ, ಒಂದೊಂದು ಸೀಳನ್ನು ಒಂದೊಂದು ಅಂಗುಲ ತೆರೆದು, ಹೊಸ ಕಾಗದದ ಮೇಲೆ ಅಂಟಿಸಿ ಸುತ್ತಲೂ ಬರೆದುಕೊಂಡರೆ ಸಾಕು.

ಐದನೆಯದಾಗಿ, ನಡು. ನಡುವಿನ ಗೆರೆಯಲ್ಲಿ ಕಾಗದವನ್ನು ಮುಗಿಸಿರಿ. ಪಕ್ಕವು ನೆಟ್ಟಗೆ ಇಳಿದರೆ ನಡುವಿನಲ್ಲಿಯೂ ಎಂಟಂಗುಲವಿರುವುದು. ಪ್ರತಿಯೊಂದು ಕಾಲುಭಾಗದಲ್ಲಿಯೂ ಒಂದಂಗುಲದ ಟಕ್ಕು ಹಿಡಿದರೆ ಏಳಾಗಿ, ಒಟ್ಟು ಸುತ್ತು ೨೮ ಆಗುವುದು. ಇದು ೨೫ ಅಂಗುಲದ ನಡುವಿಗೆ ಹಿತವಾದ ಅಳತೆ. ಮಗುವು ಬೆಳೆದಾಗ ಟಕ್ಕನ್ನು ಬಿಚ್ಚಿದರೆ ನಾಲ್ಕಂಗುಲ ಸಿಕ್ಕುವುದು.

ಆರನೆಯದಾಗಿ, ಲಂಗ. ಇದಕ್ಕೆ ಕಾಗದ ಬೇಡ. ೩೬ ಅಂಗುಲ ಪನ್ನದ ಬಟ್ಟೆಯ ಎರಡು ಅಗಲಗಳನ್ನು ಕೂಡಿಸಿದರೆ ೭೨ ಅಂಗುಲ. ೨೮ಕ್ಕೆ ಇದು ಸುಮಾರು ಎರಡೂವರೆ ಪಾಲಾಗಿ, ತೆಳುವಾದ ನೂಲಿನ ಬಟ್ಟೆಯಲ್ಲಿ ನೆರಿಗೆಯು ತುಂಬಿ ಬರುವುದು. ದಪ್ಪನೆಯ ಬಟ್ಟೆಯಾದರೆ ಒಂದೂವರೆ ಅಗಲ ಸಾಕು. ಉದ್ದವು ೨೦ ಅಂಗುಲ, ಕೆಳಗಿನ ಮಡಿಕೆಗೆ ೩, ಬೆಳೆಯುವ ಮಗುವಿಗಾಗಿ ಮಡಿಕೆಯ ಮೇಲೆ ಅರ್ಧರ್ಧ ಅಂಗುಲದ ಎರಡು ಟಕ್ಕುಗಳಿಗೆ ೨, ನಡುವಿನ ಹೊಲಿಗೆಗೆ ಅರ್ಧ, ಹೀಗೆ ಇಪ್ಪತ್ತೈದೂವರೆ. ಒಂದು ಟಕ್ಕು ತನ್ನ ಅಳತೆಯ ಎರಡರಷ್ಟು ಬಟ್ಟೆಯನ್ನು ನುಂಗುವುದೆಂಬುದನ್ನು ಮರೆಯಬಾರದು. ವರ್ಷಕ್ಕೊಂದು ಟಕ್ಕು ಬಿಚ್ಚುತ್ತಾ ಹೋದರೆ ಹನ್ನಳ ಮಗನಿಗೆ ಬಂದ ಹಾಗೆ ನಮ್ಮ ಮಕ್ಕಳಿಗೂ ಪ್ರತಿವರ್ಷ ಹೊಸ ಉಡುಪು ಬಂದಂತೆಯೇ.

ಬಟ್ಟೆಯ ಲೆಕ್ಕವು ಹೀಗಿರುವುದು. ಲಂಗದ ಎರಡು ತುಂಡುಗಳಿಗೆ ೫೧ ಅಂಗುಲ. ಮುಂಭಾಗದ ಪಕ್ಕದಲ್ಲಿ ಒಂದು ತೋಳನ್ನಿಟ್ಟು ೧೫, ಬೆನ್ನಿನ ಪಕ್ಕದಲ್ಲಿ ಇನ್ನೊಂದು ತೋಳನ್ನಿಟ್ಟು ೧೫. ಒಟ್ಟು ೮೧, ಅಂದರೆ ಎರಡೂಕಾಲು ಗಜ. ಹಿರಿಯರ ಲೆಕ್ಕದಲ್ಲಿ ಗಜಕ್ಕೆ ೧೬ ಗಿರಾ. ಹಾಗಾದರೆ ಇದು ೩೬ ಗಿರಾ ಆಯಿತು. ಕೊರಳಿನ ಓರೆಪಟ್ಟಿಗೂ ಬಟ್ಟೆ ಕುಗ್ಗುವುದಕ್ಕೂ ಸೇರಿಸಿ ಎರಡೂವರೆ ಗಜ ಕೊಳ್ಳುವುದು ಲೇಸು. ಕೋರಾ ಬಟ್ಟೆಯ ತೇಪೆಯನ್ನು ಹಳೆಯ ವಸ್ತ್ರಕ್ಕೆ ಹಚ್ಚಬಾರದೆಂದು ನಮ್ಮ ಕರ್ತನು ಹೇಳಿದ ಸಾಮ್ಯದ ಹಿಂದೆ ಇರುವುದು ಈ ಕುಗ್ಗುವಿಕೆಯೇ. ನೂಲಿನ ಹೊಸ ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಯಿಟ್ಟು, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿಸಬೇಕು.

ಕಡೆಗೆ ಒಂದು ಎಚ್ಚರಿಕೆ. ಹೊಸ ಮಾದರಿಯನ್ನು ಮೊದಲು ಹಳೆಯ ಸೀರೆಯ ತುಂಡಿನಲ್ಲಿ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ, ಮಗುವಿಗೆ ತೊಡಿಸಿ ನೋಡಿರಿ. ಎರಡೂ ಕೈಗಳನ್ನು ಮೇಲಕ್ಕೆ ಎತ್ತಿಸಿರಿ, ಬಗ್ಗಿಸಿರಿ, ನೆಲದ ಮೇಲೆ ಕುಳ್ಳಿರಿಸಿರಿ. ಈ ಮೂರರಲ್ಲಿ ಗೆದ್ದ ಉಡುಪು ಎಲ್ಲಿಯೂ ಗೆಲ್ಲುವುದು.

ಬೇರೆ ಉಡುಪುಗಳು

ಇದೇ ದಾರಿಯಲ್ಲಿ ಉಳಿದವನ್ನೂ ತೆಗೆಯಬಹುದು. ಅದೇ ಫ್ರಾಕಿನ ಮೇಲ್ಭಾಗದಿಂದ ತೋಳನ್ನು ಬಿಟ್ಟು, ಕೊರಳನ್ನೂ ಕಂಕುಳನ್ನೂ ಒಂದಂಗುಲ ಹೆಚ್ಚಾಗಿ ಕತ್ತರಿಸಿದರೆ ಕುಪ್ಪಸದ ಮೇಲೆ ತೊಡುವ ಶಾಲೆಯ ತೋಳಿಲ್ಲದ ಅಂಗಿಯಾಗುವುದು. ತೋಳಿಲ್ಲದಿರುವುದರಿಂದ ಇಲ್ಲಿ ಕಂಕುಳು ಇಳಿದರೆ ಬಾಧೆಯಿಲ್ಲ. ಚೂಡಿದಾರದ ಮೇಲಂಗಿಗೆ ನಡುವಿನಲ್ಲಿ ಕಾಗದವನ್ನು ಮುಗಿಸದೆ ಕೆಳಕ್ಕೆ ಎಳೆಯಬೇಕು. ಸೊಂಟದ ಅತ್ಯಂತ ಅಗಲವಾದ ಸ್ಥಳವನ್ನು ಅಳೆದು, ಅದರ ಕಾಲುಭಾಗಕ್ಕೆ ಒಂದಂಗುಲ ಕೂಡಿಸಿ ಗುರುತಿಟ್ಟು, ಅಲ್ಲಿಂದ ಕೆಳಗೆ ಪಕ್ಕದ ಸೀಳನ್ನು ಬಿಡಬೇಕು. ನಿಲುವಂಗಿಗೆ ಎದೆಯ ಸಡಿಲವನ್ನು ಆರಂಗುಲಕ್ಕೆ ಏರಿಸಿ, ಟಕ್ಕುಗಳನ್ನೆಲ್ಲಾ ಬಿಟ್ಟುಬಿಡಬೇಕು.

ಖಣದಲ್ಲಿ ಜಂಪರು ಹೊಲಿಯುವವರು ಒಂದು ವಿಶೇಷವನ್ನು ನೆನಪಿಡತಕ್ಕದ್ದು. ತೋಳಿನ ಉದ್ದವು ಹಾಸಿನ ನೂಲಿನ ದಿಕ್ಕಿಗೆ ಇರಬೇಕೆಂಬುದು ಸಾಮಾನ್ಯ ನಿಯಮ. ಖಣದ ಅಂಚಾದರೋ ಹಾಸಿನ ಉದ್ದಕ್ಕೂ ಓಡುವುದು. ಅದು ತೋಳಿನ ತುದಿಗೆ ಬರಬೇಕಾದರೆ ತೋಳಿನ ಕಾಗದವನ್ನು ಅಡ್ಡಲಾಗಿ ಇಡಬೇಕು, ಮತ್ತು ತೋಳಿನ ತುದಿಯ ಗೆರೆಯು ಬಾಗದೆ ನೆಟ್ಟಗಿರಬೇಕು. ಕಾರಣ ತಿಳಿದವಳು ನಿಯಮವನ್ನು ಮುರಿದರೂ ಬಟ್ಟೆಯನ್ನು ಕೆಡಿಸುವುದಿಲ್ಲ.

ತಂದೆತಾಯಿಗಳಿಗೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ೧೯೪೧ರ ಜೂನ್ ೧ರಿಂದ ಬಟ್ಟೆಯನ್ನು ಕೂಪನುಗಳ ಮೇಲೆ ಕೊಡತೊಡಗಿದರು. ೧೯೪೩ರಲ್ಲಿ ಅಲ್ಲಿನ ಸರಕಾರವೇ ಹಳೆಯ ಉಡುಪನ್ನು ಹೊಸದಾಗಿ ಮಾರ್ಪಡಿಸುವ ಕ್ರಮವನ್ನು ತಿಳಿಸುವ ಪುಸ್ತಿಕೆಯನ್ನು ಮನೆಮನೆಯ ಹೆಂಗಸರಿಗಾಗಿ ಹೊರಡಿಸಿತು. ಅದೇ ವರ್ಷ ನಮ್ಮ ದೇಶದಲ್ಲಿಯೂ ಬಟ್ಟೆ ಮತ್ತು ನೂಲಿನ ಮೇಲೆ ಸರಕಾರದ ಹತೋಟಿ ಬಂದಿತು. ಅಂಥ ಬಿಗಿ ಈಗಿಲ್ಲ; ಬಜಾರಿನಲ್ಲಿ ಬಟ್ಟೆಗೆ ಕೊರತೆಯೂ ಇಲ್ಲ. ಆದರೆ ಮಳೆಯನ್ನು ನಂಬಿದ ನಮ್ಮ ಕರಿನೆಲದ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ದೂರದ ಪಟ್ಟಣಗಳಿಗೆ ಗುಳೆ ಹೋಗುವ ಕುಟುಂಬಗಳು ಎಷ್ಟಿವೆಯೆಂಬುದು ನಿಮಗೆ ತಿಳಿದದ್ದೇ. ಅಂಥ ಮನೆಯಲ್ಲಿ ಅಕ್ಕನ ಉಡುಪನ್ನು ತಂಗಿಗೆ ಹೊಂದಿಸಬಲ್ಲ, ನೆರೆಯವರು ತಂದುಕೊಟ್ಟ ಯಾವ ಬಟ್ಟೆಯನ್ನಾದರೂ ಅಂಜದೆ ಕತ್ತರಿಸಬಲ್ಲ ಒಬ್ಬ ಮಗಳಿದ್ದರೆ, ಆ ಮನೆಗೆ ಊರಿನಲ್ಲಿಯೇ ನಿಲ್ಲುವುದಕ್ಕೆ ಒಂದು ಆಧಾರವಾದರೂ ಇರುವುದು. ಒಂದೇ ಮಾದರಿಯನ್ನು ಬಲ್ಲವಳಿಗೆ ಒಂದೇ ಬಗೆಯ ಗಿರಾಕಿ. ಮಾದರಿಯ ಕಾರಣವನ್ನು ಬಲ್ಲವಳಿಗೆ ಊರೆಲ್ಲಾ ಗಿರಾಕಿಗಳು. ಸಿದ್ಧ ಉಡುಪು ಅಂಗಡಿಯ ಅಳತೆಗೆ ಇರುವುದು, ಮಗುವಿನ ಅಳತೆಗಲ್ಲ. ಅದನ್ನು ಕೊಂಡು ತಂದ ಮೇಲೆಯೂ ಗಿಡ್ಡ ಮಾಡುವುದಕ್ಕೆ, ಬಿಚ್ಚುವುದಕ್ಕೆ, ಹೊಂದಿಸುವುದಕ್ಕೆ ಬಲ್ಲವಳೊಬ್ಬಳು ಬೇಕೇ ಬೇಕು.

ಹಳೆಯ ವಿದ್ಯಾರ್ಥಿನಿಯರಿಗೆ ನಮ್ಮದೊಂದು ಬಿನ್ನಹ. ನಿಮ್ಮ ಪೆಟ್ಟಿಗೆಯಲ್ಲಿರುವ ಆ ಜಂಪರಿನ ಕಾಗದವನ್ನು ಹೊರಗೆ ತೆಗೆಯಿರಿ. ಅದರ ಮೇಲೆ ಮೈಯ ಗೆರೆಗಳನ್ನು ಒಂದು ಬಣ್ಣದಿಂದಲೂ ಉಡುಪಿನ ಗೆರೆಗಳನ್ನು ಮತ್ತೊಂದು ಬಣ್ಣದಿಂದಲೂ ಗುರುತು ಮಾಡಿರಿ. ನಮ್ಮಿಂದ ಫ್ರಾಕಿನ ಕಾಗದವನ್ನು ಕೇಳುವ ಅವಶ್ಯಕತೆ ಅನಂತರ ನಿಮಗೆ ಬೀಳದು. ಕತ್ತರಿಸಿ ಉಳಿದ ತುಂಡುಗಳನ್ನು ಚೆಲ್ಲಬೇಡಿರಿ. ಅವು ಕೌದಿಗೆ ಬರುವುವು. ಮನೆಯಲ್ಲಿ ಅತ್ತೆಯೋ ಅಜ್ಜಿಯೋ ಹಳೆಯ ರೀತಿಯಲ್ಲಿ ಹೊಲಿಯುತ್ತಿದ್ದರೆ ಅವರ ಬಳಿಯಲ್ಲಿ ಕುಳಿತು ನೋಡಿರಿ, ಹೀಗೇಕೆ ಎಂದು ಕೇಳಿರಿ. ನಾವು ಕಲಿಸದೆ ಬಿಟ್ಟದ್ದು ಅಲ್ಲಿ ಸಿಕ್ಕೀತು.

ಯೊಪ್ಪ ಪಟ್ಟಣದ ದೊರ್ಕಳು ತೀರಿಹೋದಾಗ ಅವಳ ಗುಣಗಳನ್ನು ಹೇಳುವುದಕ್ಕೆ ಊರಿನ ವಿಧವೆಯರಿಗೆ ಮಾತು ಬೇಕಾಗಲಿಲ್ಲ. ಅವಳು ಹೊಲಿದುಕೊಟ್ಟ ಅಂಗಿಗಳನ್ನೂ ಮೇಲುಹೊದಿಕೆಗಳನ್ನೂ ಅವರು ಪೇತ್ರನಿಗೆ ತೋರಿಸಿದರು. ಆ ಉಡುಪುಗಳು ತೊಟ್ಟವರ ಮೈಗೆ ಹೊಂದಿದ್ದುವೆಂದೇ ನಾವು ನಂಬುತ್ತೇವೆ. ನಮ್ಮ ಹುಡುಗಿಯರ ಕೈಗೆಲಸವೂ ಹಾಗೆಯೇ ಮತ್ತೊಬ್ಬರ ಮೈಯನ್ನು ಅರಿತು ನಡೆಯುವಂಥಾದ್ದಾಗಲಿ. ಅವರು ಹೊಲಿದದ್ದನ್ನು ತೊಟ್ಟ ಮಕ್ಕಳ ಕೈಗಳು ಸುಲಭವಾಗಿ ಮೇಲಕ್ಕೆ ಏಳಲಿ.